ಒಂದು ಫೋನ್ ಕರೆ, ಆರು ಅಂಕ

ಅರವತ್ತು ದಾಟಿದ ತಾಯಿಯೊಬ್ಬರು ಈಚೆಗೆ ನನ್ನ ಬಳಿ ಬಂದಿದ್ದರು. ವರ್ಷಗಟ್ಟಲೆ ಹತೋಟಿಯಲ್ಲಿದ್ದ ರಕ್ತದೊತ್ತಡ 170/100ಕ್ಕೆ ಏರಿತ್ತು. ಉಪ್ಪು ಹೆಚ್ಚಾಯಿತೇ, ಮಾತ್ರೆ ತಪ್ಪಿತೇ ಎಂದು ಕೇಳಿದೆ. ಎರಡೂ ಅಲ್ಲ. ಇಂಗ್ಲೆಂಡಿನಲ್ಲಿರುವ ಮಗನ ಡ್ರೈವಿಂಗ್ ಲೈಸೆನ್ಸ್ ರದ್ದಾಗಿತ್ತು. "ಅಪಘಾತ ಆಗಿಲ್ಲ, ಅವನು ಕುಡಿದೂ ಇರಲಿಲ್ಲ. ಕೆಂಪು ದೀಪಕ್ಕೆ ನಿಂತಿದ್ದಾಗ ಫೋನ್ ಕೈಗೆತ್ತಿಕೊಂಡನಂತೆ. ಆ ಫೋನ್ ಮಾಡಿದವಳು ನಾನೇ ಡಾಕ್ಟ್ರೇ" ಎಂದು ಕಣ್ಣೊರೆಸಿಕೊಂಡರು.

ಒಂದು ಫೋನಿಗೆ ಲೈಸೆನ್ಸ್ ಹೋಗುತ್ತದೆಯೇ ಎಂದು ನೀವು ಕೇಳಬಹುದು. ಮಕ್ಕಳು ಆ ದೇಶದಲ್ಲಿರುವ ಮನೆಯವರೆಲ್ಲ ತಿಳಿದಿರಬೇಕಾದ ವಿಷಯವಿದು.

ಅಂಕಗಳ ಲೆಕ್ಕ

ದಂಡ ಕಟ್ಟಿದರೆ ಪ್ರಕರಣ ಮುಗಿಯಿತೆಂದು ನಮ್ಮಲ್ಲಿ ಅನೇಕರು ಭಾವಿಸುತ್ತಾರೆ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಹಾಗಲ್ಲ. ಹಲವು ತಪ್ಪುಗಳಿಗೆ ದಂಡದ ಜೊತೆಗೆ ಚಾಲಕನ ದಾಖಲೆಯಲ್ಲಿ ಅಂಕಗಳನ್ನೂ ಬರೆಯುತ್ತಾರೆ. ಶಾಲೆಯ ಅಂಕದಂತಲ್ಲ, ಇವು ಹೆಚ್ಚಾದಷ್ಟೂ ಕೆಡುಕು. ಅತಿವೇಗಕ್ಕೆ 3ರಿಂದ 6, ಅಜಾಗರೂಕ ಚಾಲನೆಗೆ 3ರಿಂದ 9 ಅಂಕ. ಫೋನ್ ಕೈಯಲ್ಲಿ ಹಿಡಿದು ಬಳಸಿದರೆ 2017ರಿಂದ 6 ಅಂಕ ಮತ್ತು 200 ಪೌಂಡ್ ದಂಡ. ವಾಹನ ಸಿಗ್ನಲ್‌ನಲ್ಲಿ ನಿಂತಿದ್ದರೂ ವಿನಾಯಿತಿ ಇಲ್ಲ.

ಮೂರು ವರ್ಷಗಳೊಳಗೆ 12 ಅಂಕ ಸೇರಿದರೆ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳು ವಾಹನ ಓಡಿಸುವಂತಿಲ್ಲ. ಆದರೆ ಹೊಸಬರಿಗೆ ಮಿತಿ ಇನ್ನೂ ಬಿಗಿ. ಪರೀಕ್ಷೆ ಪಾಸಾದ ಮೊದಲ ಎರಡು ವರ್ಷಗಳಲ್ಲಿ 6 ಅಂಕ ಬಂದರೆ ಲೈಸೆನ್ಸೇ ರದ್ದು. ಈ ಕಾನೂನು 1997ರಿಂದ ಜಾರಿಯಲ್ಲಿದೆ. ಆಮೇಲೆ ಕಲಿಕಾ ಲೈಸೆನ್ಸ್ ಪಡೆದು, ಬರವಣಿಗೆಯ ಪರೀಕ್ಷೆ, ರಸ್ತೆಯ ಪರೀಕ್ಷೆ ಎರಡನ್ನೂ ಮತ್ತೆ ಪಾಸು ಮಾಡಬೇಕು.

ನಮ್ಮವರು ಎಡವುವುದು ಇಲ್ಲೇ. ಭಾರತದ ಲೈಸೆನ್ಸನ್ನು ಅಲ್ಲಿ ನೆಲೆಸಿದ ಮೇಲೆ 12 ತಿಂಗಳು ಮಾತ್ರ ಬಳಸಬಹುದು. ಅದನ್ನು ಅಲ್ಲಿನ ಲೈಸೆನ್ಸಿಗೆ ನೇರವಾಗಿ ಬದಲಾಯಿಸಿಕೊಡುವುದಿಲ್ಲ, ಪರೀಕ್ಷೆಗೆ ಕೂರಲೇಬೇಕು. ಬೆಂಗಳೂರಿನಲ್ಲಿ ಹದಿನೈದು ವರ್ಷ ಕಾರು ಓಡಿಸಿದ ನಲವತ್ತರ ಗೃಹಸ್ಥನೂ ಅಲ್ಲಿ ಪಾಸಾದ ದಿನದಿಂದ ಎರಡು ವರ್ಷ ಹೊಸಬನೇ. ಒಂದೇ ಫೋನ್ ಕರೆ ಅವನ 6 ಅಂಕವನ್ನು ತುಂಬಿಸಿಬಿಡುತ್ತದೆ. ಕೆಲಸಕ್ಕೆ ಹೋಗುವುದು, ಮಕ್ಕಳನ್ನು ಶಾಲೆಗೆ ಬಿಡುವುದು ಎಲ್ಲಕ್ಕೂ ಪೆಟ್ಟು. ವಿಮೆಯ ಕಂತೂ ಏರಬಹುದು.

ಆರೋಗ್ಯಕ್ಕೂ ಲೈಸೆನ್ಸಿಗೂ ನಂಟು

ವೈದ್ಯನಾಗಿ ಇನ್ನೆರಡು ಮಾತು ಹೇಳಬೇಕು.

ಮೊದಲನೆಯದು ಕಣ್ಣು. ಅಲ್ಲಿ ಚಾಲಕನು 20 ಮೀಟರ್ ದೂರದ ನಂಬರ್ ಪ್ಲೇಟನ್ನು, ಬೇಕಿದ್ದರೆ ಕನ್ನಡಕ ಹಾಕಿಕೊಂಡು, ಓದಬಲ್ಲವನಾಗಿರಬೇಕು. ಕನ್ನಡಕ ಬೇಕಾದವರು ಅದಿಲ್ಲದೆ ಓಡಿಸಿ ಸಿಕ್ಕಿಬಿದ್ದರೆ 3 ಅಂಕ ಬೀಳುತ್ತದೆ.

ಎರಡನೆಯದು ಸಕ್ಕರೆ ಕಾಯಿಲೆ. ಇನ್ಸುಲಿನ್ ಚಿಕಿತ್ಸೆಯಲ್ಲಿರುವವರು ಅದನ್ನು ಲೈಸೆನ್ಸ್ ಇಲಾಖೆಗೆ ತಿಳಿಸಬೇಕು. ಮುಚ್ಚಿಟ್ಟರೆ 1,000 ಪೌಂಡ್‌ವರೆಗೆ ದಂಡವಿದೆ. ಹೊರಡುವ ಮುನ್ನ ಎರಡು ಗಂಟೆಯೊಳಗೆ ಒಮ್ಮೆ, ದೂರದ ಪ್ರಯಾಣವಾದರೆ ಪ್ರತಿ ಎರಡು ಗಂಟೆಗೊಮ್ಮೆ ರಕ್ತದ ಸಕ್ಕರೆ ನೋಡಿಕೊಳ್ಳಬೇಕು. ನಮ್ಮ ಅಳತೆಯಲ್ಲಿ 90ಕ್ಕಿಂತ ಕಡಿಮೆಯಿದ್ದರೆ ಏನಾದರೂ ತಿನ್ನಬೇಕು. 72ಕ್ಕಿಂತ ಇಳಿದಿದ್ದರೆ ಓಡಿಸಲೇಬಾರದು. ಸಕ್ಕರೆ ಸರಿಹೋದ ಮೇಲೂ 45 ನಿಮಿಷ ಕಾಯಬೇಕು. ಸಕ್ಕರೆ ಇಳಿದಾಗ ಮೊದಲು ಮಂಕಾಗುವುದು ಮಿದುಳು. ತನಗೆ ಮಂಕು ಕವಿದಿದೆ ಎಂಬುದೇ ಚಾಲಕನಿಗೆ ತಿಳಿಯದೆ ಹೋಗಬಹುದು.

ಫೋನಿನ ಅಪಾಯವೂ ಇಂಥದ್ದೇ. ಕಣ್ಣು ರಸ್ತೆಯ ಮೇಲಿದ್ದರೂ ಗಮನ ಮಾತಿನಲ್ಲಿದ್ದರೆ ಎದುರಿಗಿರುವುದು ಮನಸ್ಸಿಗೆ ತಲುಪುವುದಿಲ್ಲ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಎರಡು ಸೆಕೆಂಡ್ ಮೈಮರೆತರೆ 28 ಮೀಟರ್ ಕುರುಡು ಪ್ರಯಾಣ! ಆದ್ದರಿಂದ ಕೈಯಲ್ಲಿ ಹಿಡಿಯದೆ ಮಾತನಾಡಿದರೂ ಪೂರ್ತಿ ಸುರಕ್ಷಿತವಲ್ಲ.

ನೀವು ಮಾಡಬಹುದಾದದ್ದು

1. ಅಲ್ಲಿ ಬೆಳಗಿನ ಎಂಟೂವರೆ ಎಂದರೆ ನಮ್ಮಲ್ಲಿ ಬೇಸಿಗೆಯಲ್ಲಿ ಮಧ್ಯಾಹ್ನ 1 ಗಂಟೆ, ಚಳಿಗಾಲದಲ್ಲಿ 2 ಗಂಟೆ. ಊಟ ಮುಗಿಸಿ ನಿಮಗೆ ಬಿಡುವಾಗುವ ಆ ಹೊತ್ತಿಗೆ ಮಕ್ಕಳು ರಸ್ತೆಯಲ್ಲಿರುತ್ತಾರೆ. ಆಗ ಫೋನ್ ಮಾಡಬೇಡಿ.

2. ಮಾತನಾಡಲು ಒಂದು ಸಮಯ ಗೊತ್ತುಮಾಡಿಕೊಳ್ಳಿ. ಕರೆ ತೆಗೆದುಕೊಳ್ಳದಿದ್ದರೆ ಗಾಬರಿಯಿಂದ ಮತ್ತೆ ಮತ್ತೆ ಮಾಡಬೇಡಿ.

3. ಮಾತಿನ ನಡುವೆ ವಾಹನದ ಸದ್ದು ಕೇಳಿಸಿದರೆ "ಮನೆ ಸೇರಿದ ಮೇಲೆ ಮಾತಾಡೋಣ" ಎಂದು ನೀವೇ ಫೋನ್ ಇಟ್ಟುಬಿಡಿ.

4. ರಜೆಗೆ ಬಂದಾಗ ಅವರ ಕಣ್ಣು, ಸಕ್ಕರೆ, ರಕ್ತದೊತ್ತಡ ಪರೀಕ್ಷಿಸಿಸಿ.

ಆ ತಾಯಿಗೆ ನಾನು ಮಾತ್ರೆ ಬದಲಿಸಲಿಲ್ಲ. ಲೈಸೆನ್ಸ್ ಮತ್ತೆ ಪಡೆಯಬಹುದು, ಮಗ ಕ್ಷೇಮವಾಗಿದ್ದಾನಲ್ಲ ಎಂದೆ. ಎರಡು ವಾರದ ನಂತರ ಬಂದಾಗ ಒತ್ತಡ 140/86ಕ್ಕೆ ಇಳಿದಿತ್ತು. "ಈಗ ಭಾನುವಾರ ಮಾತ್ರ ಮಾತಾಡ್ತೀವಿ. ಅವತ್ತು ಅವನಿಗೂ ಅವಸರ ಇರಲ್ಲ" ಎಂದು ನಕ್ಕರು. ಈ ನಿಯಮ ಇಂಗ್ಲೆಂಡಿಗಷ್ಟೇ ಅಲ್ಲ, ದಿನವೂ ಸ್ಕೂಟರಿನಲ್ಲಿ ಮನೆಗೆ ಮರಳುವ ನಿಮ್ಮ ಯಜಮಾನರಿಗೂ, ಮಗಳಿಗೂ ಅನ್ವಯಿಸುತ್ತದೆ.