ತಿಂಗಳ ಪಾಠ: ಬಿಡದ ತಲೆನೋವು – ಕುತ್ತಿಗೆಯನ್ನೂ ಒಮ್ಮೆ ವಿಚಾರಿಸಿ



"ಹೆಂಗಸರಿಗೆ ತಲೆನೋವು ಇದ್ದದ್ದೇ" ಅಂತ ಹೇಳಿ, ಅಂಗಡಿಯಿಂದ ಒಂದು ಮಾತ್ರೆ ತರಿಸಿ ನುಂಗಿ ಮತ್ತೆ ಕೆಲಸಕ್ಕೆ ಕೂರುವುದು ನಮ್ಮಲ್ಲಿ ಬಹಳ ಜನರ ಅಭ್ಯಾಸ. ಜ್ವರ ಬಂದರೆ ಮೈ ಮುಟ್ಟಿ ನೋಡಬಹುದು, ಗಾಯವಾದರೆ ತೋರಿಸಬಹುದು. ತಲೆನೋವು ಯಾರ ಕಣ್ಣಿಗೂ ಕಾಣುವುದಿಲ್ಲ. ಮನೆಯವರೂ ಕೆಲವು ಸಲ "ಕೆಲಸ ತಪ್ಪಿಸೋಕೆ ನೆಪ" ಅಂದುಬಿಡುತ್ತಾರೆ. ನಾವೂ ಅದನ್ನೇ ನಂಬಿ ಸುಮ್ಮನಾಗುತ್ತೇವೆ. ಈ ಸಲ ಇದರ ಬಗ್ಗೆ ಸರಿಯಾಗಿ ತಿಳಿದುಕೊಳ್ಳೋಣ.

1. ದೀರ್ಘಕಾಲದ ತಲೆನೋವು ಎಂದರೇನು?

ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು ದಿನ ತಲೆನೋವು ಇದ್ದು, ಹೀಗೆಯೇ ಮೂರು ತಿಂಗಳು ದಾಟಿದರೆ ಅದು ದೀರ್ಘಕಾಲದ ತಲೆನೋವು. ಎಲ್ಲ ತಲೆನೋವೂ ಒಂದೇ ಅಲ್ಲ:

- ತಲೆಯ ಸುತ್ತ ಪಟ್ಟಿ ಬಿಗಿದಂತೆ ಆಗುವುದು – ಒತ್ತಡದ, ಸ್ನಾಯು ಬಿಗಿತದ ತಲೆನೋವು.
- ಹೆಚ್ಚಾಗಿ ಒಂದು ಬದಿಗೆ ಬಡಿದಂತೆ ನೋವು, ವಾಂತಿ, ಬೆಳಕು–ಶಬ್ದ ಸಹಿಸಲಾಗದೆ ಇರುವುದು – ಅರೆತಲೆನೋವು (ಮೈಗ್ರೇನ್).
- ಕುತ್ತಿಗೆಯಲ್ಲಿ ಹುಟ್ಟಿ ತಲೆಗೆ ಏರುವುದು – ಕುತ್ತಿಗೆ ಮೂಲದ ತಲೆನೋವು.
- ನೋವಿನ ಮಾತ್ರೆಯನ್ನು ಅತಿಯಾಗಿ ನುಂಗುವುದರಿಂದಲೇ ಬರುವ ತಲೆನೋವು.

2. ಕುತ್ತಿಗೆಗೂ ತಲೆಗೂ ಏನು ಸಂಬಂಧ?

ನಮ್ಮ ತಲೆಯ ತೂಕ ಸುಮಾರು 5 ಕಿಲೋ. ನೆಟ್ಟಗೆ ಕೂತಾಗ ಈ ಭಾರವನ್ನು ಮೂಳೆ ಹೊರುತ್ತದೆ. ಮೊರ ತೊಡೆಯ ಮೇಲಿಟ್ಟು ಬೀಡಿ ಕಟ್ಟುವಾಗ, ಹೊಲಿಗೆ ಯಂತ್ರದ ಮೇಲೆ ಬಾಗಿದಾಗ, ಮೊಬೈಲ್ ನೋಡುವಾಗ ತಲೆ ಮುಂದಕ್ಕೆ ಬಾಗುತ್ತದೆ. ಆಗ ಬೀಳದಂತೆ ಎಳೆದು ಹಿಡಿಯುವ ಕೆಲಸ ಕುತ್ತಿಗೆಯ ಹಿಂದಿನ ಸ್ನಾಯುಗಳದ್ದು. ಗಂಟೆಗಟ್ಟಲೆ ಹೀಗಾದರೆ ಅವು ದಣಿದು ಬಿಗಿಯಾಗುತ್ತವೆ.

ಕುತ್ತಿಗೆಯ ಮೇಲಿನ ಮೂರು ನರಗಳು ಮತ್ತು ಮುಖ, ಹಣೆಯ ನರ ಮೆದುಳಿನ ಬುಡದಲ್ಲಿ ಒಂದೇ ಜಾಗಕ್ಕೆ ಸುದ್ದಿ ಮುಟ್ಟಿಸುತ್ತವೆ. ಎರಡು ಊರಿನ ಕಾಗದ ಒಂದೇ ಅಂಚೆ ಕಚೇರಿಗೆ ಬಂದರೆ ಅದಲುಬದಲಾಗುವ ಹಾಗೆ, ಕುತ್ತಿಗೆಯ ನೋವು ಹಣೆಯಲ್ಲಿ, ಕಣ್ಣಿನ ಹಿಂದೆ ಇದ್ದಂತೆ ಅನ್ನಿಸುತ್ತದೆ. ಕುತ್ತಿಗೆ ತಿರುಗಿಸಿದರೆ ನೋವು ಹೆಚ್ಚುವುದು, ಕುತ್ತಿಗೆ ಪೂರ್ತಿ ತಿರುಗದೆ ಇರುವುದು ಇದರ ಗುರುತು.

3. ಕೈರೋಪ್ರಾಕ್ಟಿಕ್ ಏನು ಹೇಳುತ್ತದೆ?

ಬೆನ್ನೆಲುಬು ಮತ್ತು ಕೀಲುಗಳನ್ನು ಕೈಯಿಂದ ಒತ್ತಿ, ತಿರುಗಿಸಿ ಸರಿಪಡಿಸುವ ಈ ಪದ್ಧತಿಯನ್ನು 1895ರಲ್ಲಿ ಅಮೆರಿಕದ ಡ್ಯಾವೆನ್‌ಪೋರ್ಟ್ ಊರಿನಲ್ಲಿ ಡಿ.ಡಿ. ಪಾಮರ್ ಎಂಬವರು ಆರಂಭಿಸಿದರು. ಬೆನ್ನೆಲುಬಿನ ಮೂಳೆ ಸ್ವಲ್ಪ ಜರುಗಿ ನರಕ್ಕೆ ಅಡ್ಡಿಯಾಗುವುದೇ ಹೆಚ್ಚಿನ ಕಾಯಿಲೆಗಳ ಮೂಲ ಎಂಬುದು ಅವರ ವಾದ. ಇದನ್ನು ವಿಜ್ಞಾನ ಒಪ್ಪಿಲ್ಲ. ಆದರೆ ಕುತ್ತಿಗೆಯ ಕೀಲು, ಸ್ನಾಯು, ಕೂರುವ ಭಂಗಿ ಇವುಗಳಿಂದ ತಲೆನೋವು ಬರಬಹುದು ಎಂಬ ಮಾತಿನಲ್ಲಿ ಹುರುಳಿದೆ.

2002ರಲ್ಲಿ ಆಸ್ಟ್ರೇಲಿಯಾದಲ್ಲಿ ಕುತ್ತಿಗೆ ಮೂಲದ ತಲೆನೋವಿದ್ದ 200 ಜನರ ಅಧ್ಯಯನ ಪ್ರಕಟವಾಯಿತು. ಅಲ್ಲಿ ಫಿಸಿಯೋಥೆರಪಿಸ್ಟರು ಕೈಚಿಕಿತ್ಸೆ ಕೊಟ್ಟವರಿಗೂ, ಬರೀ ವ್ಯಾಯಾಮ ಮಾಡಿಸಿದವರಿಗೂ ತಲೆನೋವು ಕಡಿಮೆಯಾಗಿ, ಒಂದು ವರ್ಷದ ನಂತರವೂ ಆ ಗುಣ ಉಳಿದಿತ್ತು. 2017ರಲ್ಲಿ ನಾರ್ವೆಯಲ್ಲಿ ಅರೆತಲೆನೋವಿನ 104 ಜನರ ಮೇಲೆ ಕೈರೋಪ್ರಾಕ್ಟಿಕ್ ಪರೀಕ್ಷಿಸಿದಾಗ, ನಿಜವಾದ ಚಿಕಿತ್ಸೆಗೂ ತೋರಿಕೆಯ ಚಿಕಿತ್ಸೆಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಅಂದರೆ ಕುತ್ತಿಗೆಯಿಂದ ಬಂದ ನೋವಿಗೆ ಇಂಥ ಚಿಕಿತ್ಸೆ ಉಪಯೋಗ ಆಗಬಹುದು, ಎಲ್ಲ ತಲೆನೋವಿಗೂ ಅಲ್ಲ. ಖರ್ಚಿಲ್ಲದ ವ್ಯಾಯಾಮವೂ ಕೆಲಸ ಮಾಡುತ್ತದೆ ಎಂಬುದು ನಮಗೆ ಒಳ್ಳೆಯ ಸುದ್ದಿ.

4. ಎಚ್ಚರಿಕೆ: ಕುತ್ತಿಗೆಯ ಲಟಿಕೆ ತೆಗೆಸಬೇಡಿ

ಮೆದುಳಿಗೆ ರಕ್ತ ಒಯ್ಯುವ ನಾಳಗಳು ಕುತ್ತಿಗೆಯ ಮೂಳೆಗಳ ನಡುವೆ ಹಾದು ಹೋಗುತ್ತವೆ. ಜೋರಾಗಿ ತಿರುಗಿಸಿದರೆ ಅಪರೂಪಕ್ಕೆ ನಾಳದ ಒಳಪದರ ಹರಿದು ಪಾರ್ಶ್ವವಾಯು ಆಗಬಹುದು. ಕ್ಷೌರದಂಗಡಿಯಲ್ಲಿ ಕುತ್ತಿಗೆ ತಿರುಗಿಸಿದ ಮೇಲೆ ಬಳ್ಳಾರಿಯ ಒಬ್ಬ ಯುವಕನಿಗೆ ಹೀಗಾದ ಸುದ್ದಿ 2024ರಲ್ಲಿ ಪತ್ರಿಕೆಗಳಲ್ಲಿ ಬಂತು. ಮನೆಯ ಗಂಡಸರಿಗೂ ಈ ಮಾತು ಹೇಳಿ. ಕುತ್ತಿಗೆಗೆ ಚಿಕಿತ್ಸೆ ಬೇಕಾದರೆ ಮೊದಲು ಡಾಕ್ಟರಿಗೆ ತೋರಿಸಿ, ಆಮೇಲೆ ತರಬೇತಿ ಪಡೆದ ಫಿಸಿಯೋಥೆರಪಿಸ್ಟರ ಹತ್ತಿರ ಹೋಗಿ.

5. ನಾವೇ ಮಾಡಬಹುದಾದದ್ದು

- ಅರ್ಧ ಗಂಟೆಗೊಮ್ಮೆ ಕೆಲಸ ಬಿಟ್ಟು ಎದ್ದು ನಿಂತು, ಭುಜವನ್ನು ಹಿಂದಕ್ಕೆ ಹತ್ತು ಸಲ ತಿರುಗಿಸಿ.
- ಗೋಡೆಗೆ ಬೆನ್ನು ಕೊಟ್ಟು ಕೂತು, ತಲೆ ಎತ್ತದೆ, ಬಾಗಿಸದೆ, ಗದ್ದವನ್ನು ಮೆಲ್ಲಗೆ ಹಿಂದಕ್ಕೆ ಎಳೆದು ಐದು ಎಣಿಸಿ ಬಿಡಿ. ಹೀಗೆ ಹತ್ತು ಸಲ, ಬೆಳಿಗ್ಗೆ–ಸಂಜೆ. ನೋವು ಅಥವಾ ತಲೆಸುತ್ತು ಹೆಚ್ಚಿದರೆ ನಿಲ್ಲಿಸಿ.
- ಮೊರವನ್ನು ಮಣೆಯ ಮೇಲಿಟ್ಟು ಎತ್ತರ ಮಾಡಿಕೊಳ್ಳಿ. ಕೆಲಸವೇ ಕಣ್ಣಿನ ಹತ್ತಿರ ಬರಲಿ, ತಲೆ ಬಾಗುವುದು ಬೇಡ.
- ನಲವತ್ತು ದಾಟಿದವರು ಸೂಜಿಗೆ ದಾರ ಪೋಣಿಸಲು ಕಷ್ಟವಾದರೆ ಕಣ್ಣು ಪರೀಕ್ಷೆ ಮಾಡಿಸಿ.
- ಹೊತ್ತಿಗೆ ಸರಿಯಾಗಿ ಊಟ, ನೀರು, ನಿದ್ದೆ. ಎಲ್ಲರಿಗೂ ಬಡಿಸಿ ಮೂರು ಗಂಟೆಗೆ ಉಣ್ಣುವ ತಾಯಿಗೆ ತಲೆನೋವು ಬರದೆ ಇರುತ್ತದೆಯೇ?
- ರಕ್ತಹೀನತೆ, ರಕ್ತದೊತ್ತಡ ಪರೀಕ್ಷೆ ಮಾಡಿಸಿ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಇದು ಆಗುತ್ತದೆ.

6. ಮಾತ್ರೆಯ ಲೆಕ್ಕ ಇಡಿ

ಉಳಿತಾಯದ ಲೆಕ್ಕ ಬರೆಯುವ ನಾವು ತಲೆನೋವಿನ ಲೆಕ್ಕವನ್ನೂ ಬರೆಯೋಣ. ಕ್ಯಾಲೆಂಡರಿನಲ್ಲಿ ನೋವು ಬಂದ ದಿನಕ್ಕೆ ಒಂದು ಗೆರೆ, ಮಾತ್ರೆ ನುಂಗಿದ ದಿನಕ್ಕೆ ಒಂದು ಸೊನ್ನೆ ಹಾಕಿ. ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಲ್ಲಿ 15 ದಿನ, ಎರಡು–ಮೂರು ಔಷಧಿ ಬೆರೆಸಿದ ಮಾತ್ರೆಯನ್ನು 10 ದಿನ, ಹೀಗೆ ಮೂರು ತಿಂಗಳು ಮೀರಿ ನುಂಗಿದರೆ ಮಾತ್ರೆಯೇ ತಲೆನೋವು ತರಬಹುದು. ಆ ಕ್ಯಾಲೆಂಡರ್ ಡಾಕ್ಟರಿಗೆ ತೋರಿಸಿ, ಅವರು ಹೇಳಿದಂತೆ ಕಡಿಮೆ ಮಾಡಿ.

7. ತಡ ಮಾಡದೆ ಆಸ್ಪತ್ರೆಗೆ

ಹಿಂದೆಂದೂ ಇಲ್ಲದಂಥ ಭಾರೀ ನೋವು ಒಮ್ಮೆಲೇ ಬಂದರೆ, ಜ್ವರದ ಜೊತೆ ಕುತ್ತಿಗೆ ಸೆಟೆದರೆ, ಮಾತು ತೊದಲಿದರೆ, ಕೈಕಾಲು ಬಲ ಕಳೆದುಕೊಂಡರೆ, ಕಣ್ಣು ಮಂಜಾದರೆ, ಫಿಟ್ಸ್ ಬಂದರೆ, ಗರ್ಭಿಣಿಗೆ ಅಥವಾ ಬಾಣಂತಿಗೆ ಜೋರು ತಲೆನೋವಾದರೆ 108ಕ್ಕೆ ಫೋನ್ ಮಾಡಿ. ಬಿದ್ದು ಅಥವಾ ಹೊಡೆತ ತಿಂದು ತಲೆಗೆ ಪೆಟ್ಟಾಗಿದ್ದರೆ "ಬಾಗಿಲು ತಾಗಿತು" ಅಂತ ಮುಚ್ಚಿಡಬೇಡಿ. ಡಾಕ್ಟರಿಗೆ ನಿಜ ಹೇಳಿ. ಮನೆಯಲ್ಲಿ ಹಿಂಸೆ ಇದ್ದರೆ ಮಹಿಳಾ ಸಹಾಯವಾಣಿ 181 ಇದೆ, ಸಂಘವೂ ನಿಮ್ಮ ಜೊತೆಗಿದೆ.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ತಲೆನೋವು ಬರುವವರು ಎಷ್ಟು ಜನ? ಅವರ ಕೆಲಸ ಏನು, ಕೂರುವುದು ಹೇಗೆ?
2. ನೋವಿನ ಮಾತ್ರೆಗೆ ತಿಂಗಳಿಗೆ ಎಷ್ಟು ಹಣ ಹೋಗುತ್ತದೆ?
3. ತಲೆನೋವು ಅಂದಾಗ ಮನೆಯಲ್ಲಿ ಏನು ಹೇಳುತ್ತಾರೆ? ಅದನ್ನು ಬದಲಿಸಲು ಏನು ಮಾಡಬಹುದು?

ಈ ತಿಂಗಳ ನಿರ್ಣಯ: ಪ್ರತಿ ಸಭೆಯ ಆರಂಭದಲ್ಲಿ ಐದು ನಿಮಿಷ ಎಲ್ಲರೂ ಕೂಡಿ ಕುತ್ತಿಗೆ–ಭುಜದ ವ್ಯಾಯಾಮ ಮಾಡುವುದು. ಮುಂದಿನ ತಿಂಗಳು ಕ್ಯಾಲೆಂಡರ್ ತಂದು ಒಬ್ಬರಿಗೊಬ್ಬರು ತೋರಿಸುವುದು.