ಆಲಿಕಲ್ಲು ಬಿದ್ದ ನನ್ನ ಹುಟ್ಟುಹಬ್ಬ

ರಜೆಯಲ್ಲಿ ಕಣ್ಣಾರೆ ಕಂಡ ಒಂದು ವಿಷಯವನ್ನು ಪಾಠದ ತರಹ ಬರೆಯಿರಿ ಎಂದು ವಿಜ್ಞಾನದ ಮೇಷ್ಟ್ರು ಹೇಳಿದ್ದರು. ನಾನು ಆಲಿಕಲ್ಲು ಮಳೆ ಬಗ್ಗೆ ಬರೆದಿದ್ದೇನೆ.

ನನ್ನ ಹುಟ್ಟುಹಬ್ಬ ಮೇ 11. ಪ್ರತಿ ಸಲ ರಜೆಯಲ್ಲೇ ಬರುತ್ತೆ, ಅದಕ್ಕೇ ಒಂದು ವರ್ಷವೂ ಶಾಲೆಯಲ್ಲಿ ಚಾಕಲೇಟ್ ಹಂಚಿಲ್ಲ. ಈ ಸಲ 13 ತುಂಬುತ್ತೆ, ಎಲ್ಲಾದರೂ ಕರೆದುಕೊಂಡು ಹೋಗಲೇಬೇಕು ಎಂದು ಹಠ ಹಿಡಿದೆ. ಲವ ಕುಶರು ಹುಟ್ಟಿದ ಜಾಗ ಅಂತ ಹೇಳುವ ಆವಣಿ ಬೆಟ್ಟಕ್ಕೇ ಹೋಗೋಣ ಎಂದೆ. ಹುಟ್ಟಿದ ದಿನ ಹುಟ್ಟಿದ ಜಾಗ ನೋಡೋಣ ಅಂತ ನನ್ನ ಲೆಕ್ಕ. ಆವಣಿ ಮುಳಬಾಗಿಲು ತಾಲ್ಲೂಕಿನಲ್ಲಿದೆ. ಅಲ್ಲಿ ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಅಂತ ನಾಲ್ಕೂ ಜನ ಅಣ್ಣತಮ್ಮಂದಿರ ಹೆಸರಿನ ಗುಡಿಗಳು ಒಂದೇ ಕಡೆ ಇವೆ. ನೊಳಂಬ ರಾಜರ ಕಾಲದವು. ಬೆಟ್ಟದ ಮೇಲೆ ಸೀತಮ್ಮನ ಗುಡಿ ಇದೆ.

ಅಪ್ಪ ಬರಲಿಲ್ಲ. ನಮ್ಮ ಶ್ರೀನಿವಾಸಪುರದ ಕಡೆ ಮೇ ತಿಂಗಳಲ್ಲಿ ಮಾವಿನ ತೋಟ ಬಿಟ್ಟು ಯಾರೂ ಕದಲುವುದಿಲ್ಲ. ಅಪ್ಪ ಈ ವರ್ಷ ಒಂದು ತೋತಾಪುರಿ ತೋಟವನ್ನು ಹೂವಿನಲ್ಲೇ ಗುತ್ತಿಗೆ ಹಿಡಿದಿದ್ದರು, ಮುಂಗಡಕ್ಕೆ ಸಾಲವನ್ನೂ ಮಾಡಿದ್ದರು. "ನೀವು ಹೋಗಿಬನ್ನಿ, ನಾನು ಕಾಯಿ ಕಾಯ್ತೀನಿ" ಅಂದರು. ನನಗೆ ಸ್ವಲ್ಪ ಕೋಪ ಬಂತು. ಮಾವು ಮಾವು ಅಂತ ಮಗುವನ್ನೇ ಮರೀತಾರಲ್ಲ ಅಂತ.

ಅಮ್ಮ, ತಾತ, ತಮ್ಮ, ನಾನು ಬಸ್ಸಿನಲ್ಲಿ ಮುಳಬಾಗಿಲಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ ಹಿಡಿದೆವು. ಆವಣಿ ತಲುಪುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಕಾಲಿಟ್ಟರೆ ಬಂಡೆ ಸುಡುತ್ತಿತ್ತು. ಗುಡಿ ನೋಡಿಕೊಂಡು, ಬೆಟ್ಟದ ಮೇಲೆ ಕೂತು ಒಬ್ಬಟ್ಟು ತಿನ್ನೋಣ ಎಂದು ಹತ್ತತೊಡಗಿದೆವು. ಅರ್ಧ ಹತ್ತಿದ್ದೆವೋ ಇಲ್ಲವೋ, ಪಶ್ಚಿಮದ ಕಡೆ ಹೂಕೋಸಿನ ಹಾಗೆ ಮೋಡ ಎದ್ದಿತು. ಅದರ ಅಡಿ ಮಾತ್ರ ಕಪ್ಪು. ಮಿಂಚಿತು.

ಮೇಷ್ಟ್ರು ಆರನೇ ತರಗತಿಯಲ್ಲಿ ಹೇಳಿಕೊಟ್ಟಿದ್ದು ನೆನಪಾಯಿತು. ಮಿಂಚು ಕಂಡ ಕೂಡಲೆ ಒಂದು, ಎರಡು ಅಂತ ಸೆಕೆಂಡು ಎಣಿಸಬೇಕು. ಗುಡುಗು ಕೇಳಿದಾಗ ನಿಲ್ಲಿಸಿ 3 ರಿಂದ ಭಾಗಿಸಿದರೆ ಮಿಂಚು ಎಷ್ಟು ಕಿ.ಮೀ. ದೂರ ಎಂದು ಸುಮಾರಾಗಿ ತಿಳಿಯುತ್ತೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ, ಅದಕ್ಕೇ 3. ಮೊದಲ ಸಲ 15 ಬಂತು, ಅಂದರೆ 5 ಕಿ.ಮೀ. ಸ್ವಲ್ಪ ಹೊತ್ತಿನ ಮೇಲೆ 9 ಬಂತು. ಮೋಡ ನಮ್ಮ ಕಡೆಗೇ ಬರ್ತಾ ಇತ್ತು. ಅಮ್ಮ "ಆ ಮರದ ಕೆಳಗೆ ನಿಲ್ಲೋಣ" ಅಂದರು. ಮರದ ಕೆಳಗೆ ಬೇಡವೇ ಬೇಡ ಎಂದು ನಾನು ಕೂಗಿದೆ. ಎಣಿಸಿದ್ದು 30ಕ್ಕಿಂತ ಕಡಿಮೆ ಬಂದರೆ ಮನೆಯೊಳಗೆ ಸೇರಬೇಕು, ಕೊನೇ ಗುಡುಗಾಗಿ ಅರ್ಧ ಗಂಟೆಯವರೆಗೆ ಹೊರಗೆ ಬರಬಾರದು. ಒಂಟಿ ಮರ, ಬೆಟ್ಟದ ತುದಿ, ನೀರಿನ ಹತ್ತಿರ ನಿಲ್ಲಬಾರದು. ತಾತ "ಕೂಸು ಸರಿಯಾಗೇ ಹೇಳ್ತಿದೆ, ಇಳೀರಿ" ಅಂದರು. ಸೀತಮ್ಮನ ಗುಡಿ ನೋಡದೆಯೇ ಇಳಿದೆವು. ನನಗೆ ಅಳು ಬರುವ ಹಾಗಾಗಿತ್ತು.

ಕೆಳಗೆ ಊರಿನಲ್ಲಿ ಒಬ್ಬ ಅಜ್ಜಿ ನಮ್ಮನ್ನು ಮನೆಯೊಳಗೆ ಕರೆದರು. ನಾವು ಒಳಗೆ ಹೋಗಿ ಐದು ನಿಮಿಷವೂ ಆಗಿಲ್ಲ, ಶೀಟಿನ ಮೇಲೆ ಯಾರೋ ಜಲ್ಲಿ ಸುರಿದ ಹಾಗೆ ಸದ್ದು! ಅಂಗಳದ ತುಂಬ ಗೋಲಿ ಗಾತ್ರದ ಆಲಿಕಲ್ಲು. ತಮ್ಮ ಕುಣಿದ. ಗುಡುಗು ನಿಂತು ತುಂಬ ಹೊತ್ತಾದ ಮೇಲೆ ಅಜ್ಜಿ ಬಾಗಿಲ ಮೂಲೆಯಲ್ಲಿ ಉಳಿದಿದ್ದ ದಪ್ಪದ್ದೊಂದನ್ನು ಈಳಿಗೆ ಮಣೆಯಲ್ಲಿ ಕೊಯ್ದು ತೋರಿಸಿದರು. ಒಳಗೆ ಈರುಳ್ಳಿಯಂತೆ ಸುತ್ತು ಸುತ್ತು, ಒಂದು ಬಿಳಿ, ಒಂದು ಗಾಜಿನಂತೆ.

ಇಷ್ಟು ಬಿಸಿಲಲ್ಲಿ ಐಸು ಎಲ್ಲಿಂದ ಬಂತು? ಇದೇ ಈ ಪಾಠದ ಮುಖ್ಯ ಪ್ರಶ್ನೆ. ಮೇಲೆ ಹೋದಂತೆ ಗಾಳಿ ತಣ್ಣಗಾಗುತ್ತೆ, ಒಂದು ಕಿ.ಮೀ.ಗೆ ಸುಮಾರು 6 ಡಿಗ್ರಿ. ನೆಲದಲ್ಲಿ 36 ಡಿಗ್ರಿ ಇದ್ದರೆ 6 ಕಿ.ಮೀ. ಮೇಲೆ ಸೊನ್ನೆ. ಗುಡುಗಿನ ಮೋಡ ಅದಕ್ಕಿಂತ ಎರಡರಷ್ಟು ಎತ್ತರಕ್ಕೂ ಬೆಳೆಯುತ್ತೆ. ಬಿಸಿಲಿಗೆ ಕಾದ ಗಾಳಿ ರಭಸದಿಂದ ಮೇಲೇಳುವಾಗ ನೀರಿನ ಹನಿಗಳನ್ನೂ ಹೊತ್ತೊಯ್ಯುತ್ತೆ. ಅಲ್ಲಿ ಹನಿಗಳು ಸೊನ್ನೆಗಿಂತ ತಣ್ಣಗಾದರೂ ಕೂಡಲೆ ಗಟ್ಟಿಯಾಗುವುದಿಲ್ಲ, ಒಂದು ಐಸಿನ ಚೂರಿಗೆ ತಾಗಿದ ತಕ್ಷಣ ಅದಕ್ಕೆ ಅಂಟಿ ಗಟ್ಟಿಯಾಗುತ್ತವೆ. ಬೇಗ ಗಟ್ಟಿಯಾದರೆ ಗಾಳಿಗುಳ್ಳೆ ಒಳಗೇ ಸಿಕ್ಕಿಕೊಂಡು ಬಿಳಿ ಪದರ, ನಿಧಾನವಾದರೆ ಗಾಜಿನಂಥ ಪದರ. ಕೆಳಗಿನ ಗಾಳಿ ತಡೆಯಲಾರದಷ್ಟು ಭಾರವಾದಾಗ ಕಲ್ಲು ಬೀಳುತ್ತೆ. ಅಂದರೆ ಬಿಸಿಲು ಹೆಚ್ಚಾಗಿದ್ದೇ ಐಸಿಗೂ ಕಾರಣ! ಒಂದು ಅಂಗುಲಕ್ಕಿಂತ ಚಿಕ್ಕ ಕಲ್ಲು ಕೂಡ ಗಂಟೆಗೆ 40 ಕಿ.ಮೀ. ವೇಗದವರೆಗೆ ಬೀಳಬಲ್ಲದು. ಸೈಕಲ್ಲಿನಲ್ಲಿ ನಾವು ಯಾರೂ ಅಷ್ಟು ಜೋರಾಗಿ ಹೋಗುವುದಿಲ್ಲ.

ಒಬ್ಬಟ್ಟನ್ನು ಅಜ್ಜಿಯ ಮನೆಯಲ್ಲೇ ಎಲ್ಲರೂ ತಿಂದೆವು. ಖಾಲಿ ಡಬ್ಬಿಗೆ ನಾನು ಉಳಿದಿದ್ದ ಆಲಿಕಲ್ಲು ತುಂಬಿಕೊಂಡೆ, ಅಪ್ಪನಿಗೆ ತೋರಿಸಬೇಕು ಅಂತ. ಬಸ್ಸಿನಲ್ಲಿ ಅಮ್ಮ ಮಾತೇ ಆಡಲಿಲ್ಲ. ತಾತ ಮಾತ್ರ ಕಿಟಕಿಯಾಚೆ ನೋಡ್ತಾ "ನಮ್ಮ ಕಡೆ ಬಿದ್ದಿರದಿದ್ದರೆ ಸಾಕು" ಅಂದರು. ಆಗಲೇ ನನಗೆ ತೋಟದ ನೆನಪಾಗಿದ್ದು.

ನಮ್ಮ ಕಡೆಯೂ ಬಿದ್ದಿತ್ತು. ಟಾರ್ಚ್ ಹಿಡಿದು ತೋಟಕ್ಕೆ ಹೋದರೆ ಕಾಲಿಡಲು ಜಾಗವಿಲ್ಲದಷ್ಟು ಕಾಯಿ. ರಸ್ತೆ ಆಚೆ ತೋಟಕ್ಕೆ ಏನೂ ಆಗಿರಲಿಲ್ಲ. ಆಲಿಕಲ್ಲು ಕಿರಿದಾದ ಪಟ್ಟಿಯಲ್ಲಿ ಸುರಿಯುತ್ತೆ, ಹಾಗಾಗಿ ಒಬ್ಬರ ತೋಟ ಹೋಗಿ ಪಕ್ಕದವರದು ಉಳಿಯಬಹುದು. ತೋತಾಪುರಿ ಕೀಳುವುದು ಜೂನ್, ಜುಲೈನಲ್ಲಿ. ಆಮೇಲೆ ಅದು ರಸ ತೆಗೆಯುವ ಕಾರ್ಖಾನೆಗಳಿಗೆ ಹೋಗುತ್ತೆ. ಮೇ ತಿಂಗಳಲ್ಲೇ ಉದುರಿದ್ದು ಬಲಿತಿರುವುದಿಲ್ಲ, ಇಟ್ಟರೂ ಹಣ್ಣಾಗದೆ ಸುಕ್ಕಾಗುತ್ತೆ. ಮರದಲ್ಲಿ ಉಳಿದದ್ದಕ್ಕೂ ಪೆಟ್ಟು ಬಿದ್ದ ಕಡೆ ಸೊನೆ ಒಸರಿ ಸಿಪ್ಪೆ ಕಪ್ಪಾಗುತ್ತೆ. ಅಲ್ಲಿಂದ ಕೊಳೆರೋಗ ಹತ್ತುತ್ತೆ, ಹಣ್ಣಿನ ನೊಣ ಮೊಟ್ಟೆ ಇಡುತ್ತೆ. ಅದಕ್ಕೇ ಕಲ್ಲಿನ ಗಾಯ ಇರುವ ಕಾಯಿಯನ್ನು ವ್ಯಾಪಾರಿಗಳು ಪಕ್ಕಕ್ಕೆ ಎಸೆಯುತ್ತಾರೆ.

ಅಪ್ಪ ಒಂದು ಮರದ ಬುಡದಲ್ಲಿ ಚೀಲ ಹಿಡಿದು ಒಬ್ಬರೇ ಆಯುತ್ತಿದ್ದರು. ನಾನು ಡಬ್ಬಿ ತೆಗೆದೆ. ಒಳಗೆ ನೀರು ಮಾತ್ರ ಇತ್ತು. "ಬೆಟ್ಟ ಹತ್ತಿದ್ಯಾ?" ಅಂದರು. ಇಲ್ಲ, ಅರ್ಧಕ್ಕೇ ಇಳಿದ್ವಿ ಅಂದೆ. "ಒಳ್ಳೇದಾಯ್ತು" ಅಂದರು. ಯಾವುದು ಒಳ್ಳೇದಾಯ್ತು ಅಂತ ನಾನು ಕೇಳಲಿಲ್ಲ.

ರಾತ್ರಿ ಹನ್ನೊಂದರವರೆಗೆ ಎಲ್ಲರೂ ಆಯ್ದೆವು. ಒಡೆದದ್ದು ಒಂದು ಚೀಲ, ಗಟ್ಟಿ ಇರುವುದು ಒಂದು ಚೀಲ. ಗಟ್ಟಿ ಇದ್ದದ್ದನ್ನು ಬೆಳಿಗ್ಗೆ ಉಪ್ಪಿನಕಾಯಿಗೆ ಕೊಳ್ಳುವವರಿಗೆ ಕೊಟ್ಟೆವು. ಟೆಂಪೋ ಬಾಡಿಗೆ ಕಳೆದು ಸ್ವಲ್ಪ ಉಳಿಯಿತು. ಒಡೆದದ್ದನ್ನು ಅಮ್ಮ ಹೋಳು ಮಾಡಿ ಉಪ್ಪು ಹಾಕಿ ಬಂಡೆಯ ಮೇಲೆ ಒಣಗಿಸಿದ್ದಾರೆ. ಇನ್ನೂ ಎರಡು ಡಬ್ಬ ಇದೆ, ಬೇಕಾದವರು ಊಟದ ಬಿಡುವಿನಲ್ಲಿ ನನ್ನ ಹತ್ತಿರ ಕೇಳಿ.