ಹಳೆಯ ಪುಸ್ತಕದ ಸುಳಿವು ಹಿಡಿದು ಊರಿನ ನಿಧಿ ಹುಡುಕುವ ಬಗೆ

ಹೊಲದಲ್ಲಿ ಅಕ್ಷರದ ಕಲ್ಲೊಂದು ನಿಂತಿದ್ದರೆ, ಅದರ ಬುಡದಲ್ಲಿ ಕೊಪ್ಪರಿಗೆ ಹೊನ್ನಿದೆಯೆಂಬ ಮಾತು ನಮ್ಮ ಸೀಮೆಯಲ್ಲಿ ಹುಟ್ಟದೆ ಇರುವುದಿಲ್ಲ. ಅಮಾವಾಸ್ಯೆಯ ಮಾರನೆಯ ದಿನ ಹೋಗಿ ನೋಡಿದರೆ ಕಲ್ಲು ಉರುಳಿರುತ್ತದೆ. ಬುಡದಲ್ಲಿ ಆಳುದ್ದ ಗುಂಡಿ, ಗುಂಡಿಯ ಅಂಚಿನಲ್ಲಿ ಕುಂಕುಮ ಮೆತ್ತಿದ ನಿಂಬೆಹಣ್ಣು. ಹೊನ್ನು ಸಿಕ್ಕಿತೇ ಎಂದರೆ ಕಂಡವರು ಯಾರೂ ಇಲ್ಲ. ಕಲ್ಲು ಮಾತ್ರ ಎರಡು ಹೋಳು. ಏಳೆಂಟು ನೂರು ವರ್ಷ ಮಳೆಗೂ ಬಿಸಿಲಿಗೂ ಜಗ್ಗದೆ ನಿಂತ ಕಲ್ಲು ಒಂದು ರಾತ್ರಿಯ ಆಸೆಗೆ ಹೋಗಿಬಿಡುತ್ತದೆ.

ಮರಳವಾಡಿಯ ಸುತ್ತಿನ ವಾಚಕರೇ, ಹುಡುಕಬೇಡಿ ಎಂದು ನಿಮಗೆ ಹೇಳುವುದು ಈ ಪಾಠದ ಉದ್ದೇಶವಲ್ಲ. ಹುಡುಕಿ, ಆದರೆ ಮಂತ್ರವಾದಿಯ ಅಂಜನವನ್ನು ನಂಬಿ ಅಲ್ಲ, ಅಚ್ಚಾದ ಪುಸ್ತಕವನ್ನು ಕೈಯಲ್ಲಿ ಹಿಡಿದು. ಕಳೆದುಹೋದದ್ದು ಎಲ್ಲಿತ್ತು, ಯಾವ ದಿಕ್ಕಿನಲ್ಲಿತ್ತು ಎಂದು ನೂರು ವರ್ಷಕ್ಕೂ ಹಿಂದೆಯೇ ಬರೆದಿಟ್ಟ ಪುಸ್ತಕ ಒಂದಿದೆ.

ಬಿ. ಎಲ್. ರೈಸ್ ಅವರ ಹೆಸರನ್ನು ನೀವು ಕೇಳಿರಬಹುದು. ಅವರು 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದವರು. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದವರು. ಸಂಸ್ಥಾನದ ಹಳ್ಳಿ ಹಳ್ಳಿಗಳ ಕಲ್ಲು ಮತ್ತು ತಾಮ್ರದ ಶಾಸನಗಳನ್ನು ಓದಿಸಿ 'ಎಪಿಗ್ರಾಫಿಯ ಕರ್ನಾಟಿಕ' ಎಂಬ ಹನ್ನೆರಡು ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಅದರ ಒಂಬತ್ತನೆಯ ಸಂಪುಟ 1905ರಲ್ಲಿ ಬಂತು. ಅದು ಅಂದಿನ ಬೆಂಗಳೂರು ಜಿಲ್ಲೆಯದು. ಮಾಗಡಿ, ಚನ್ನಪಟ್ಟಣ, ಕಂಕಾನಹಳ್ಳಿ ತಾಲ್ಲೂಕುಗಳ ಶಾಸನಗಳೆಲ್ಲ ಅದರಲ್ಲಿ ಸೇರಿವೆ. ಒಂದೊಂದು ಶಾಸನಕ್ಕೂ ತಾಲ್ಲೂಕಿನ ಹೆಸರು, ಅಂಕಿ. ಅದರ ಮೇಲೆ ಕಲ್ಲು ಇದ್ದ ಜಾಗ. ಇಂಥ ಊರಿನ ಕೆರೆಯ ಏರಿಯ ಮೇಲೆ, ಇಂಥ ದೇವಸ್ಥಾನದ ಬಾಗಿಲಿನ ಬಲಕ್ಕೆ, ಊರ ಉತ್ತರದ ಹೊಲದಲ್ಲಿ ಎಂಬ ಒಂದೇ ಸಾಲು. ಹುಡುಕುವವನಿಗೆ ಆ ಒಂದು ಸಾಲೇ ದಾರಿ.

ಈಗ ಕೆಲಸಕ್ಕೆ ಬರೋಣ. ಈ ಸಂಪುಟ ಇಂದು ದೊಡ್ಡ ಗ್ರಂಥಾಲಯಗಳಲ್ಲಿಯೂ ಅಂತರ್ಜಾಲದಲ್ಲಿಯೂ ಓದಲು ಸಿಕ್ಕುತ್ತದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಕಂಪ್ಯೂಟರ್ ಇದ್ದರೆ ಕಾಲೇಜಿಗೆ ಹೋಗುವ ಹುಡುಗನೊಬ್ಬನನ್ನು ಜೊತೆಗೆ ಕೂರಿಸಿಕೊಳ್ಳಿ. ಮೊದಲ ತೊಡಕು ಹೆಸರಿನದು. ಪುಸ್ತಕದಲ್ಲಿ ಕನಕಪುರವೆಂದು ಹುಡುಕಿದರೆ ಸಿಕ್ಕುವುದಿಲ್ಲ, ಕಂಕಾನಹಳ್ಳಿ ಎಂದು ಹುಡುಕಬೇಕು. ಆ ಕಾಲದ ಇಂಗ್ಲಿಷ್ ಪುಸ್ತಕಗಳಲ್ಲಿ ರಾಮನಗರ ಕ್ಲೋಸ್‌ಪೇಟೆಯಾಗಿದೆ. ಜಿಲ್ಲೆಯ ಮಾತಂತೂ ಕೇಳಬೇಡಿ: ಮೊದಲು ಬೆಂಗಳೂರು, 1986ರಿಂದ ಬೆಂಗಳೂರು ಗ್ರಾಮಾಂತರ, 2007ರಿಂದ ರಾಮನಗರ, 2025ರಲ್ಲಿ ಬೆಂಗಳೂರು ದಕ್ಷಿಣ. ನಮ್ಮ ಮರಳವಾಡಿ ಹೋಬಳಿಯೂ ಕನಕಪುರ ತಾಲ್ಲೂಕಿನಿಂದ ಹಾರೋಹಳ್ಳಿ ತಾಲ್ಲೂಕಿಗೆ ಬಂದಿದೆ. ಕಲ್ಲು ಇದ್ದಲ್ಲಿಯೇ ಇದೆ, ಅದರ ವಿಳಾಸ ಮಾತ್ರ ನಾಲ್ಕಾರು ಸಲ ಬದಲಾಗಿದೆ! ಊರಿನ ಹೆಸರಿನ ಉಚ್ಚಾರವೂ ಹಾಗೆಯೇ. ಮರಳಿಗೆ ಹಳಗನ್ನಡದಲ್ಲಿ 'ಮಳಲ್' ಎನ್ನುತ್ತಿದ್ದರು. ಆದ್ದರಿಂದ 'ಮರಳ' ಎಂಬಲ್ಲಿ ಕಾಣದಿದ್ದರೆ 'ಮಳಲ' ಎಂಬಲ್ಲಿಯೂ ಕಣ್ಣಾಡಿಸಬೇಕು. 'ಪಳ್ಳಿ' ಎಂದದ್ದು 'ಹಳ್ಳಿ'ಯಾಗಿರುತ್ತದೆ. ಕೆಲವು ಊರುಗಳು ಬೇಚರಾಕ್ ಆಗಿ ಮನೆಗಳೇ ಇಲ್ಲದೆ ಹೋಗಿರುತ್ತವೆ, ಆದರೆ ಗ್ರಾಮ ನಕ್ಷೆಯಲ್ಲಿ ಹೆಸರು ಉಳಿದಿರುತ್ತದೆ. ಭೂಮಾಪನ ಇಲಾಖೆಯ ಗ್ರಾಮ ನಕ್ಷೆಯನ್ನು ಪುಸ್ತಕದ ಪಕ್ಕದಲ್ಲಿ ಹರಡಿಕೊಂಡು ಕೂತರೆ ಅರ್ಧ ಕೆಲಸ ಮುಗಿಯಿತು.

ಕಾಲದ ಲೆಕ್ಕವನ್ನೂ ಸ್ವಲ್ಪ ಕಲಿಯಬೇಕು. ಶಾಸನದಲ್ಲಿ ಶಕ ವರ್ಷ ಕೊಟ್ಟಿದ್ದರೆ ಅದಕ್ಕೆ 78 ಕೂಡಿಸಿ. ಶಕ 1400 ಎಂದರೆ ಕ್ರಿ.ಶ. 1478. ಸಂವತ್ಸರದ ಹೆಸರಿನಿಂದ ತಾಳೆ ನೋಡಬಹುದು. 2018ರ ಯುಗಾದಿಗೆ ವಿಳಂಬಿ ಸಂವತ್ಸರ ಬಂದಿತ್ತು. ಅಲ್ಲಿಂದ ಅರವತ್ತು ವರ್ಷದ ಒಂಬತ್ತು ಸುತ್ತು ಹಿಂದಕ್ಕೆ ಹೋದರೆ 1478, ಅದೂ ವಿಳಂಬಿಯೇ. ಬರೀ ಸಂವತ್ಸರವಿದ್ದು ಶಕ ವರ್ಷವಿಲ್ಲದ ಕಲ್ಲಿಗೆ ಮಾತ್ರ ಈ ಲೆಕ್ಕ ಸಾಲದು. ಅಕ್ಷರದ ರೂಪ ಬಲ್ಲವರು ಹೇಳಬೇಕು.

ಇನ್ನು ನಿಧಿಯ ಮಾತು. ಇಲ್ಲಿ ಸ್ವಲ್ಪ ನಿಧಾನಿಸಿ ಓದಿ, ಏಕೆಂದರೆ ಕಲ್ಲುಗಳು ಒಡೆಯುವುದು ಬಹುಮಟ್ಟಿಗೆ ಈ ಒಂದು ತಪ್ಪು ತಿಳಿವಿನಿಂದ. ಭೂದಾನದ ಶಾಸನಗಳಲ್ಲಿ, ಅದರಲ್ಲೂ ವಿಜಯನಗರದ ಕಾಲದವುಗಳಲ್ಲಿ, ನಿಧಿ ನಿಕ್ಷೇಪ ಜಲ ಪಾಷಾಣ ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯ ಎಂಬ ಎಂಟು ಮಾತುಗಳು ಮತ್ತೆ ಮತ್ತೆ ಬರುತ್ತವೆ. ಅಲ್ಪಸ್ವಲ್ಪ ಅಕ್ಷರ ಗುರುತಿಸಬಲ್ಲವನು 'ನಿಧಿ' ಎಂಬುದನ್ನು ಕಂಡ ಕೂಡಲೆ ಗುದ್ದಲಿ ತರುತ್ತಾನೆ. ಆದರೆ ಅದು ನಿಧಿ ಇಲ್ಲಿದೆ ಎಂಬ ಸೂಚನೆಯೇ ಅಲ್ಲ. ಅದು ಅಷ್ಟಭೋಗ, ಎಂದರೆ ಭೂಮಿಯ ಜೊತೆಗೆ ದಾನ ಪಡೆದವನಿಗೆ ಹೋಗುವ ಎಂಟು ಹಕ್ಕು: ಹೂತಿಟ್ಟ ಧನ, ಇರಿಸಿಟ್ಟ ಧನ, ನೀರು, ಕಲ್ಲು, ಸದಾ ಇರುವ ಆದಾಯ, ಮುಂದೆ ಬರುವ ಆದಾಯ, ಈಗಾಗಲೇ ಸಾಗುವಳಿಯಾದದ್ದು, ಮುಂದೆ ಸಾಗುವಳಿ ಮಾಡಬಹುದಾದದ್ದು. ಅನುಮಾನವಿದ್ದರೆ ಮನೆಯ ಪೆಟ್ಟಿಗೆಯಲ್ಲಿರುವ ನಿಮ್ಮ ತಾತನ ಕಾಲದ ಕ್ರಯಪತ್ರವನ್ನು ತೆಗೆದು ಓದಿ. ಇದೇ ನಿಧಿ ನಿಕ್ಷೇಪದ ಮಾತು ಎಷ್ಟೋ ಪತ್ರಗಳಲ್ಲಿ ಇರುತ್ತದೆ. ಪತ್ರದಲ್ಲಿ ಬರೆದಿದೆಯೆಂದು ನಿಮ್ಮ ತಾತ ಆ ಹೊಲದಲ್ಲಿ ಹೊನ್ನು ಹೂತಿಟ್ಟಿದ್ದರೇ? ಹೊಲ ಮಾರುವಾಗ ಬರೆಯುವ ವಾಡಿಕೆಯ ಮಾತು ಅದು, ಅಷ್ಟೇ.

ಚಿತ್ರಗಳ ವಿಷಯವೂ ಹೀಗೆಯೇ. ಕಲ್ಲಿನ ತಲೆಯ ಮೇಲಿನ ಸೂರ್ಯಚಂದ್ರರು, ಅವರಿರುವ ತನಕ ಈ ದಾನ ನಡೆಯಲಿ ಎಂಬುದಕ್ಕೆ ಗುರುತು. ಕೊಡೆ ಕಮಂಡಲು ಹಿಡಿದ ವಾಮನನು ಬ್ರಾಹ್ಮಣರಿಗೆ ಕೊಟ್ಟ ಭೂಮಿಯ ಎಲ್ಲೆಯನ್ನು ತೋರಿಸುತ್ತಾನೆ; ಲಿಂಗಮುದ್ರೆ ಶಿವಾಲಯದ ಭೂಮಿಯದು, ಶಂಖ ಚಕ್ರ ವಿಷ್ಣು ದೇವಾಲಯದ್ದು, ಮುಕ್ಕೊಡೆ ಜೈನ ಬಸದಿಯದು. ಇವು ಅಂದಿನ ಸರ್ವೆ ಕಲ್ಲುಗಳೆನ್ನಿ. ವೀರಗಲ್ಲಿನ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಮೇಲಕ್ಕೆ ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ; ಅವನ ಕತ್ತಿ ಯಾವ ದಿಕ್ಕಿಗೆ ಚಾಚಿದೆಯೆಂದು ಅಲ್ಲಿ ಅಗೆಯುವುದು ಹುಚ್ಚು. ಇನ್ನು ನಮ್ಮ ಕಡೆ ಕೆಲವು ಕಲ್ಲುಗಳ ಅಕ್ಷರ ಕನ್ನಡದವಲ್ಲ. ಅದನ್ನು ನಿಧಿಯ ಗುಪ್ತ ಲಿಪಿಯೆಂದು ಹೇಳಿ ಹಣ ಕೀಳುವವರಿದ್ದಾರೆ. ಸುಮಾರು ಕ್ರಿ.ಶ. 1004ರಲ್ಲಿ ಚೋಳರು ಗಂಗವಾಡಿಯನ್ನು ಗೆದ್ದರು. ಅವರ ಆಳ್ವಿಕೆಯ ಕಾಲದಿಂದ ಚನ್ನಪಟ್ಟಣ, ಕನಕಪುರದ ಕಡೆ ತಮಿಳು ಶಾಸನಗಳು ಬಂದವು. ಅವೂ ರೈಸ್ ಅವರ ಸಂಪುಟದಲ್ಲಿ ಅಚ್ಚಾಗಿವೆ. ಗುಪ್ತವಾದದ್ದು ಅದರಲ್ಲಿ ಏನೂ ಇಲ್ಲ.

ಸಾವನದುರ್ಗದ ಬಗ್ಗೆ ಕೇಳುವವರು ಇದ್ದೇ ಇರುತ್ತಾರೆ. ಮಾಗಡಿ ಕೆಂಪೇಗೌಡರ ಭಂಡಾರ ಅಲ್ಲಿದೆಯಂತೆ, ನಿಜವೇ ಎಂದು. ಆ ಕೋಟೆ 1728ರಲ್ಲಿ ಮೈಸೂರಿನವರ ವಶವಾಯಿತು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಅದನ್ನು ಹಿಡಿಯಿತು. ಎರಡು ಸೈನ್ಯಗಳು ನುಗ್ಗಿ ಗೆದ್ದ ಕೋಟೆಯಲ್ಲಿ ನಿಮಗಾಗಿ ಉಳಿಸಿಟ್ಟಿರುವುದು ಏನೆಂದು ನೀವೇ ಯೋಚಿಸಿ.

ಹಾಗಾದರೆ ನೆಲದಲ್ಲಿ ಏನೂ ಸಿಕ್ಕುವುದೇ ಇಲ್ಲವೇ ಎಂದರೆ ಹಾಗೂ ಇಲ್ಲ. 1891ರಲ್ಲಿ ಯಶವಂತಪುರದ ಹತ್ತಿರ ರೈಲು ದಾರಿಗೆ ನೆಲ ಕಡಿಯುವಾಗ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದವು. 2026ರ ಜನವರಿಯಲ್ಲಿ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ಮನೆಯ ಪಾಯ ತೋಡುವಾಗ ತಾಮ್ರದ ಚೊಂಬಿನಲ್ಲಿ ಚಿನ್ನದ ಒಡವೆಗಳು ಕಂಡವು. ಆ ಮನೆಯವರು ಅವನ್ನು ಸರ್ಕಾರಕ್ಕೆ ಒಪ್ಪಿಸಿದರು. ಎರಡು ಕಡೆಯೂ ನಿಧಿಗೆಂದು ಅಗೆದವರಿಗೆ ಸಿಕ್ಕಿದ್ದಲ್ಲ, ಬೇರೆ ಕೆಲಸಕ್ಕೆ ಅಗೆದವರಿಗೆ ಸಿಕ್ಕಿದ್ದು. ಹೀಗೆ ಸಿಕ್ಕಿದರೆ ಜಿಲ್ಲಾಧಿಕಾರಿಗಳಿಗೆ ಬರಹದಲ್ಲಿ ತಿಳಿಸಬೇಕು. ಭಾರತದ 1878ರ ನಿಧಿ ಕಾನೂನಿನಲ್ಲಿಯೇ, ಹಕ್ಕುದಾರರಿಲ್ಲದ ನಿಧಿಯಲ್ಲಿ ಸಿಕ್ಕಿದವನಿಗೆ ಮುಕ್ಕಾಲು, ನೆಲದ ಒಡೆಯನಿಗೆ ಕಾಲು ಎಂಬ ಪಾಲಿನ ಕ್ರಮ ಇತ್ತು. ಮುಚ್ಚಿಟ್ಟವನಿಗೆ ಪಾಲೂ ಇಲ್ಲ, ಮೇಲೆ ಒಂದು ವರ್ಷದ ವರೆಗೆ ಸೆರೆ ಅಥವಾ ದಂಡ. ನಮ್ಮ ರಾಜ್ಯಕ್ಕೆ 1962ರ ನಿಧಿ ಕಾನೂನು ಬೇರೆ ಇದೆ. ನಿಧಿಯ ಹೆಸರಿನಲ್ಲಿ ಮಾಟ, ಬಲಿ ಮಾಡಿಸುವುದು 2017ರ ಮೌಢ್ಯ ನಿಷೇಧ ಕಾನೂನಿನ ಪ್ರಕಾರ ಅಪರಾಧ.

ಮತ್ತೆ ನಮ್ಮ ಹುಡುಕಾಟಕ್ಕೆ ಬರೋಣ. ಪುಸ್ತಕದ ಸಾಲನ್ನು ಬರೆದುಕೊಂಡು ಹೊರಟಿರಿ. ಹೊಲದ ಒಡೆಯರನ್ನು ಕೇಳದೆ ಬೇಲಿ ದಾಟಬೇಡಿ. ಊರಿನ ಹಿರಿಯರನ್ನು, ಮುಖ್ಯವಾಗಿ ದನ ಕುರಿ ಕಾಯ್ದವರನ್ನು ವಿಚಾರಿಸಿ. ಕಲ್ಲುಗಳ ಲೆಕ್ಕ ಅವರಿಗೆ ತಿಳಿದಷ್ಟು ಪಟೇಲರಿಗೂ ತಿಳಿದಿರುವುದಿಲ್ಲ. ಶಾಸನವೆಂದು ಕೇಳಬೇಡಿ, ಅಕ್ಷರದ ಕಲ್ಲು ಎಂದು ಕೇಳಿ. ಪುಸ್ತಕ ಹೇಳಿದ ಜಾಗದಲ್ಲಿ ಕಾಣದಿದ್ದರೆ ಕೈಬಿಡಬೇಡಿ. ಬಟ್ಟೆ ಒಗೆಯುವ ಚಪ್ಪಡಿ, ಕಾಲುವೆಯ ಮೋರಿ, ಮನೆಯ ಮೆಟ್ಟಿಲು, ತೂಬಿನ ಪಕ್ಕದ ಕಟ್ಟಡ, ಇವುಗಳನ್ನು ನೋಡಿ. ಅಕ್ಷರದ ಮಗ್ಗುಲು ಬಹಳ ಸಲ ಕೆಳಕ್ಕಿರುತ್ತದೆ.

ಪುಸ್ತಕದಲ್ಲಿ ಇಲ್ಲದ್ದೂ ಸಿಕ್ಕಬಹುದು. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿಯ ಅಗೆತದಲ್ಲಿ ಒಂದು ವೀರಗಲ್ಲು ಹೊರಬಂತು. ಕಿತ್ತಯ್ಯನೆಂಬ ವೀರನದು, ಕ್ರಿ.ಶ. 750ರ ಸುಮಾರಿನದು. ಅಷ್ಟು ದೊಡ್ಡ ಪಟ್ಟಣದ ನಡುವೆ ಅಷ್ಟು ದಿನ ಯಾರ ಕಣ್ಣಿಗೂ ಬೀಳದೆ ಇತ್ತೆಂದರೆ, ನಮ್ಮ ಕೆರೆಯಂಗಳಗಳಲ್ಲಿ ಇನ್ನೇನಿದೆಯೋ! ಆದರೆ ಕಾಲ ಹೆಚ್ಚಿಲ್ಲ. ಹಾರೋಹಳ್ಳಿಯಲ್ಲಿ ಕೈಗಾರಿಕಾ ಪ್ರದೇಶ ಬೆಳೆಯುತ್ತಿದೆ, ಬಂಡೆಗಳಲ್ಲಿ ಕಲ್ಲು ಗಣಿಗಾರಿಕೆ ಇದೆ, ಜೆಸಿಬಿಯ ಕೈಗೆ ಶಾಸನವೂ ಒಂದೇ, ಬರೀ ಗುಂಡುಕಲ್ಲೂ ಒಂದೇ.

ಕಲ್ಲು ಸಿಕ್ಕಿದ ಮೇಲೆ ಅದಕ್ಕೆ ಬಣ್ಣ ಬಳಿಯಬೇಡಿ, ಸುಣ್ಣ ಹಚ್ಚಬೇಡಿ, ಆಸಿಡ್ ಸುರಿಯಬೇಡಿ, ಕಬ್ಬಿಣದ ಬ್ರಷ್ಷಿನಿಂದ ಉಜ್ಜಬೇಡಿ. ನೀರು ಮತ್ತು ತೆಂಗಿನ ನಾರು ಸಾಕು. ಚಿತ್ರ ತೆಗೆಯುವುದು ಹೊತ್ತು ಹುಟ್ಟುವಾಗ ಅಥವಾ ಇಳಿಯುವಾಗ. ಓರೆ ಬಿಸಿಲಿನಲ್ಲಿ ಸವೆದ ಅಕ್ಷರವೂ ನೆರಳು ಬಿದ್ದು ಎದ್ದು ಕಾಣುತ್ತದೆ. ನಡುಹಗಲಿನ ಚಿತ್ರದಲ್ಲಿ ಏನೂ ತಿಳಿಯುವುದಿಲ್ಲ. ನೆರಳಿನಲ್ಲಿರುವ ಕಲ್ಲಾದರೆ ರಾತ್ರಿ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಊರಿನವರಿಗೆ ಮೊದಲೇ ತಿಳಿಸಿ ಹೋಗುವುದು ಮೇಲು, ಇಲ್ಲವಾದರೆ ನಿಮ್ಮನ್ನೇ ನಿಧಿಗಳ್ಳರೆಂದು ಕಟ್ಟಿಹಾಕಿಯಾರು.

ಆಮೇಲೆ ಒಂದು ಕಾಗದ ಬರೆಯಿರಿ. ಊರು, ಸರ್ವೆ ನಂಬರು, ಕಲ್ಲಿನ ಉದ್ದ ಅಗಲ, ಎಷ್ಟು ಸಾಲು ಬರಹ, ಮೇಲೆ ಯಾವ ಚಿತ್ರ, ರೈಸ್ ಅವರ ಸಂಪುಟದಲ್ಲಿ ಅದರ ಅಂಕಿ ಎಷ್ಟು ಅಥವಾ ಅಲ್ಲಿ ಇಲ್ಲವೇ, ಇಷ್ಟು ಇದ್ದರೆ ಸಾಕು. ಒಂದು ಪ್ರತಿ ತಹಸೀಲ್ದಾರರಿಗೆ, ಒಂದು ರಾಜ್ಯದ ಪುರಾತತ್ವ ಇಲಾಖೆಗೆ. ಬೆಂಗಳೂರಿನ ಮಿಥಿಕ್ ಸೊಸೈಟಿಗೂ ಒಂದು ಕಳುಹಿಸಿ. ಅವರು 2021ರಿಂದ ಬೆಂಗಳೂರಿನ ಸುತ್ತಿನ ಶಾಸನಗಳನ್ನು ಮೂರು ಆಯಾಮದ ಯಂತ್ರದಿಂದ ಪ್ರತಿ ಮಾಡಿಸುವ ಕೆಲಸ ಹಿಡಿದರು. ಮತ್ತೊಂದು ಪ್ರತಿಯನ್ನು ಚಿತ್ರದ ಸಮೇತ ಊರ ಶಾಲೆಯ ಗೋಡೆಗೆ ಅಂಟಿಸಿ. ಕಲ್ಲು ಮಲಗಿದ್ದರೆ ಎಬ್ಬಿಸಿ ನಿಲ್ಲಿಸುವ ವಿಚಾರವನ್ನು ಗ್ರಾಮಸಭೆಯಲ್ಲಿ ಎತ್ತಿ. ಇಲಾಖೆಯವರು ಬಂದು ನೋಡುವ ಮುಂಚೆ ಮಾತ್ರ ಅದನ್ನು ಜಾಗ ಬಿಟ್ಟು ಕದಲಿಸಬೇಡಿ.